ಪೋತದಾರನಿಲ್ಲದ ಪೇಟೆಯಲ್ಲಿ ಶಿವರಾಯಿ

ಚಿಕ್ಕೋಡಿ, ಅಥಣಿ ಕಡೆಯ ಮನೆಗಳಲ್ಲಿ ಲಕ್ಷ್ಮೀಪೂಜೆ ಬಂತೆಂದರೆ ನಾಣ್ಯಗಳಿಗೆ ಕೇಡುಗಾಲ. ದೇವರ ಜಗಲಿಯ ಬೆಳ್ಳಿಯ ಬಂದಾ ರೂಪಾಯಿ, ತಾಮ್ರದ ಶಿವರಾಯಿ ಎಲ್ಲಕ್ಕೂ ಹುಣಸೆಹಣ್ಣು ಹಚ್ಚಿ ಗಸಗಸ ತಿಕ್ಕುತ್ತಾರೆ. ಇನ್ನೂರು ವರ್ಷ ಕಟ್ಟಿದ ಕಂದು ಬಣ್ಣ ತೊಳೆದುಹೋಗುತ್ತದೆ, ಸಂಗ್ರಾಹಕ ಕೊಡಬಹುದಾಗಿದ್ದ ಬೆಲೆಯ ದೊಡ್ಡ ಪಾಲೂ ಅದರೊಂದಿಗೆ ಮೋರಿಗೆ.

ಉಳಿದದ್ದನ್ನು ಮಾರುವವರು ‘ಸಾಕ್ಷಾತ್ ಶಿವಾಜಿ ಮಹಾರಾಜರ ನಾಣ್ಯ’ ಎನ್ನುತ್ತಾರೆ. 1674ರ ರಾಯಗಡದ ಪಟ್ಟಾಭಿಷೇಕದಿಂದ ಶಿವರಾಯಿಯ ಕಥೆ ಶುರುವಾಗುವುದು ನಿಜ. ಒಂದು ಬದಿಗೆ ‘ಶ್ರೀ ರಾಜಾ ಶಿವ’, ಇನ್ನೊಂದಕ್ಕೆ ‘ಛತ್ರಪತಿ’. ಆದರೆ ಅದೇ ಹೆಸರಿನಲ್ಲಿ ಮುಂದಿನವರೆಲ್ಲ ಹೊಡೆಸುತ್ತಲೇ ಹೋದರು. ಅಚ್ಚು ಕೊರೆದವರಲ್ಲಿ ಒಬ್ಬ ‘ಶಿವ’ ಎಂದರೆ ಇನ್ನೊಬ್ಬ ‘ಸಿವ’, ಮತ್ತೊಬ್ಬ ‘ಸೀವ’. ‘ಛತ್ರ’ ಮತ್ತು ‘ಪತಿ’ ನಡುವೆ ಅಡ್ಡಪಟ್ಟಿ ಇದ್ದರೆ ಅದು ದುದಾಂಡಿ, ಪೇಶ್ವೆಗಳ ಕಾಲದ್ದು. ಅದರಲ್ಲೂ ಫಸಲಿ ವರ್ಷದ ಅಂಕಿ ಕಂಡರೆ, ಪುಣೆ ಕೈಗೆ ಬಂದಮೇಲೆ ಕಂಪನಿ ಸರಕಾರವೇ ಹೊಡೆಸಿದ್ದು! ಮಹಾರಾಜರ ಹೆಸರಲ್ಲಿ ಇಂಗ್ಲಿಷರ ದುಡ್ಡು.

ಬೆಳ್ಳಿಯ ಕಥೆ ಇದಕ್ಕಿಂತ ಗೋಜಲು. 1914ರಲ್ಲಿ ಮೆಕ್ಸಿಕೊದ ಕ್ರಾಂತಿಕಾರರು ‘ಹುಯೆರ್ತಾ ಸಾಯಲಿ’ ಎಂದು ವೈರಿಯ ಹೆಸರನ್ನೇ ಬೆಳ್ಳಿ ಪೆಸೊ ಮೇಲೆ ಕೆತ್ತಿದರು. ನಮ್ಮ ಸರದಾರರಿಗೆ ಅಂಥ ಎದೆಗಾರಿಕೆ ಇರಲಿಲ್ಲ. ದಿಲ್ಲಿಯ ಮಾತು ಕೇಳದಿದ್ದರೂ ರೂಪಾಯಿ ಮೇಲೆ ದಿಲ್ಲಿ ಬಾದಶಹನ ಹೆಸರೇ, ಅದೂ ಪಾರ್ಸಿಯಲ್ಲಿ. ಮೇಲಾಗಿ ಅಚ್ಚು ದೊಡ್ಡದು, ಬಿಲ್ಲೆ ಸಣ್ಣದು. ಅರ್ಧ ಅಕ್ಷರ ಹೊರಗೇ ಉಳಿಯುತ್ತಿತ್ತು. ಪುಣೆಯದೆಂದು ಹೇಳುತ್ತಿದ್ದುದು ಮೂಲೆಯಲ್ಲಿನ ಅಂಕುಶದ ಗುರುತು. ಮಿರಜಿನದಾದರೆ ಊರ ಹೆಸರು ‘ಮುರ್ತಜಾಬಾದ್’.

ಜಮೀನುದಾರರೂ ಸ್ವಂತ ಟಂಕಸಾಲೆ ಇಟ್ಟು ಬೆಳ್ಳಿಗೆ ಬೆರಕೆ ಹಾಕತೊಡಗಿದಾಗ ಪೇಶ್ವೆ ಮಾಧವರಾಯರಿಗೆ ರೇಗಿತು. 1765ರಲ್ಲಿ ಧಾರವಾಡ ಸೀಮೆಯ 21 ಖಾಸಗಿ ಟಂಕಸಾಲೆ ಮುಚ್ಚಿ ಧಾರವಾಡದಲ್ಲಿ ಒಂದೇ ಇರಲಿ ಎಂಬ ಆಜ್ಞೆ ಹೊರಟಿತು. ಸಾವಿರಕ್ಕೆ ಆರು ನಾಣ್ಯ ಟಂಕಿಸುವ ಕೂಲಿ. ಈ ಸಂಗತಿಯನ್ನು ಹೆಕ್ಕಿ ಬರೆದವರು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ. ಆಜ್ಞೆಯೇನೋ ಖಡಕ್ಕು. ಆದರೆ ಬಾಗಲಕೋಟೆ, ಶಹಾಪುರದ ರೂಪಾಯಿಗಳು ಆಮೇಲೂ ಬಂದವು!

ಚಿಕ್ಕೋಡಿ, ಅಥಣಿ ಸೀಮೆಯ ವ್ಯಾಪಾರಿಯ ಪಾಡು ನೆನೆಯಿರಿ. 1731ರ ವಾರಣಾ ಒಪ್ಪಂದದಲ್ಲಿ ಅಥಣಿ ಸಾತಾರದ ಪಾಲಿಗೆ ಹೋಯಿತು. ನಿಪ್ಪಾಣಿಯಲ್ಲಿ ದೇಸಾಯಿ, ಕಾಗವಾಡದಲ್ಲಿ ಪಟವರ್ಧನರು. ರಾಯಬಾಗ ಕೊಲ್ಹಾಪುರದ ಕೈಯಲ್ಲೇ 1949ರವರೆಗೆ. ಒಂದು ಸಂತೆಯ ಚೀಲದಲ್ಲಿ ನಾಲ್ಕು ಥರದ ರೂಪಾಯಿ. ಅದನ್ನು ಬಿಡಿಸುತ್ತಿದ್ದವನು ಪೋತದಾರ. ಬಾದಶಹನ ಹೆಸರು ಅವನಿಗೆ ಬೇಕಿರಲಿಲ್ಲ. ಕಲ್ಲಿಗೆ ಬಡಿದು ನಾದ ಕೇಳುವುದು, ಒರೆಗಲ್ಲಿಗೆ ಉಜ್ಜುವುದು, ಅಂಚು ಅರೆದಿದ್ದಾರೆಯೇ ಎಂದು ಉಗುರಾಡಿಸುವುದು, ತೂಗುವುದು. ಆಮೇಲೆ ಇಂತಿಷ್ಟು ವಟ್ಟ ಎಂದು ಮುರಿಯುವುದು. 1835ರ ಕಾಯ್ದೆ 180 ಗ್ರೇನಿನ, ಅಂದರೆ ಸುಮಾರು 11.66 ಗ್ರಾಮಿನ, ಒಂದೇ ನಮೂನೆಯ ಕಂಪನಿ ರೂಪಾಯಿ ತಂದಮೇಲೆ ಅವನ ಕೆಲಸ ಮೆಲ್ಲಗೆ ಕರಗಿತು. ಈಗ ಪೋತದಾರ ಎಂಬುದು ಅಡ್ಡಹೆಸರು.

ಅವನ ಜಾಗಕ್ಕೆ ಬಂದಿರುವುದು ವಾಟ್ಸ್‌ಆ್ಯಪ್. ಹಳೆ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಳಿಸಿ ಎನ್ನುವ ಸಂದೇಶಗಳು. ತನ್ನ ಹೆಸರು ಹೇಳಿ ಹೀಗೆ ಹಣ ಕೀಳುತ್ತಿದ್ದಾರೆಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಬೇಕಾಯಿತು. ಸಾಧಾರಣ ದುದಾಂಡಿ ಲಕ್ಷದ ಮಾಲಲ್ಲ, ಅಷ್ಟೊಂದು ಹೊಡೆದಿದ್ದಾರೆ. ಅಕ್ಷರ ಪೂರ್ತಿ ಬಿದ್ದಿದ್ದರೆ, ಸವೆದಿರದಿದ್ದರೆ, ಅಪರೂಪದ ಕೊರೆತವಾಗಿದ್ದರೆ ಬೆಲೆ ಏರುತ್ತದೆ. ಸರಕ್ಕೆ ಪೋಣಿಸಲೆಂದು ಕೊಂಡಿ ಬೆಸೆದಿದ್ದರೆ ಇಳಿಯುತ್ತದೆ. ಮೈಮೇಲೆ ಗುಳ್ಳೆಗುಳಿ, ಅಂಚಿನಲ್ಲಿ ಸುತ್ತಲೂ ಗೆರೆ ಇದ್ದರೆ ಅದು ಎರಕದ ನಕಲು. ಹೊಡೆದ ನಾಣ್ಯಕ್ಕೆ ಆ ಗೆರೆ ಬರುವುದಿಲ್ಲ.

ಹೊಲ ಉಳುವಾಗ ನಾಣ್ಯದ ಗಡಿಗೆ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯ್ದೆ ಹೇಳುತ್ತದೆ. ಅಷ್ಟು ದೂರ ಹೋಗುವ ಮೊದಲೇ ಗಡಿಗೆಗಳು ಅಕ್ಕಸಾಲಿಯ ಮೂಸೆ ಸೇರುತ್ತವೆ. ಬೆಳ್ಳಿಯ ತೂಕಕ್ಕಷ್ಟೇ ದುಡ್ಡು. ಅಂಕುಶದ ಗುರುತಿಗೆ ಒಂದು ಪೈಯೂ ಇಲ್ಲ.