ಕೆಲಸ ಮೊದಲು, ದೀಕ್ಷೆ ಆಮೇಲೆ: ಮಸ್ಕತ್ತು, ಮಂಗಳೂರುಗಳಲ್ಲಿ ಸ್ತ್ರೀ ಸಭಾಪಾಲನೆ ಬೆಳೆದ ಬಗೆ

ಒಮಾನಿನ ರಾಜಧಾನಿ ಮಸ್ಕತ್ತಿನ ಪಶ್ಚಿಮಕ್ಕೆ ಕಡಲಂಚಿನುದ್ದಕ್ಕೂ ಹಬ್ಬಿರುವ ಸೀಬ್ ಒಂದು ವಿಲಾಯತ್ತು, ಅಂದರೆ ಕರ್ನಾಟಕದ ತಾಲ್ಲೂಕನ್ನು ಹೋಲುವ ಆಡಳಿತ ಘಟಕ. ದೇಶದ ಮುಖ್ಯ ವಿಮಾನ ನಿಲ್ದಾಣ, ಅಲ್ ಖೂದ್‌ನಲ್ಲಿರುವ ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯ, ಮವಾಲೆ ಮತ್ತು ಮಬೇಲಾಗಳ ಹೊಸ ಬಡಾವಣೆಗಳು ಇಲ್ಲಿದ್ದು, ಕರಾವಳಿ ಕರ್ನಾಟಕದಿಂದ ಬಂದ ಕ್ರೈಸ್ತ ಕುಟುಂಬಗಳೂ ಸೇರಿದಂತೆ ಸಾವಿರಾರು ಭಾರತೀಯರು ಇಲ್ಲಿ ನೆಲೆಸಿದ್ದಾರೆ. ಆದರೆ ಆರಾಧನೆಗೆ ಅವರು ಹೋಗಬೇಕಾದದ್ದು ನೆರೆಯ ಬೌಶರ್ ವಿಲಾಯತ್ತಿನ ಘಾಲಾಕ್ಕೆ ಅಥವಾ ಇನ್ನೂ ದೂರದ ರೂವಿಗೆ. ಏಕೆಂದರೆ ಮುಸ್ಲಿಮೇತರರ ಸಾಮೂಹಿಕ ಆರಾಧನೆಯು ಸರ್ಕಾರವು ಒಪ್ಪಿದ ಆವರಣಗಳಲ್ಲಿಯೇ ನಡೆಯಬೇಕೆಂಬುದು ಒಮಾನಿನ ನಿಯಮ, ಮತ್ತು ಚರ್ಚುಗಳ ಈ ಆವರಣಗಳು ಸುಲ್ತಾನ್ ಖಾಬೂಸರು ಕೊಡಮಾಡಿದ ಜಮೀನಿನಲ್ಲಿ ಎದ್ದಂಥವು. ವಾರದ ರಜೆ ಶುಕ್ರವಾರವಾದ್ದರಿಂದ ಮುಖ್ಯ ಆರಾಧನೆಯೂ ಶುಕ್ರವಾರವೇ ನಡೆಯುತ್ತದೆ. ಕ್ಯಾಥೋಲಿಕರು, ಆರ್ಥೊಡಾಕ್ಸ್ ಸಭೆಯವರು, ಮಾರ್ ತೋಮಾದವರು, ದಕ್ಷಿಣ ಭಾರತ ಸಭೆಯವರು, ಪೆಂಟೆಕೊಸ್ಟಲ್ ಪಂಗಡದವರು ಒಂದೇ ದಿನ ಬಂದು ಸೇರುವ ಈ ಆವರಣಗಳಲ್ಲಿ ಹಲವು ಸಭೆಗಳು ಸಭಾಂಗಣವನ್ನು ವೇಳಾಪಟ್ಟಿಯ ಪ್ರಕಾರ ಹಂಚಿಕೊಳ್ಳುತ್ತವೆ.

ಸ್ತ್ರೀಯರು ಸಭಾಪಾಲಕರಾಗಬಹುದೇ ಎಂಬ ಪ್ರಶ್ನೆಗೆ ಈ ಆವರಣಗಳಲ್ಲಿ ಒಂದೇ ಉತ್ತರವಿಲ್ಲ. ಯಾವ ಕಟ್ಟಡದಲ್ಲಿ, ದಿನದ ಯಾವ ಹೊತ್ತಿನಲ್ಲಿ ಕೇಳಲಾಗಿದೆ ಎಂಬುದನ್ನು ಅವಲಂಬಿಸಿ ಉತ್ತರ ಬದಲಾಗುತ್ತದೆ. ಸಭಾಪಾಲಕನೆಂದರೆ ಬಿಷಪರ ಅಥವಾ ಹಿರಿಯರ ಹಸ್ತನಿಕ್ಷೇಪದ ಮೂಲಕ, ಅಂದರೆ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ವಿಧಿಯ ಮೂಲಕ ದೀಕ್ಷೆ ಪಡೆದು, ವಾಕ್ಯವನ್ನು ಬೋಧಿಸುವ, ದೀಕ್ಷಾಸ್ನಾನ ಮಾಡಿಸುವ ಮತ್ತು ರೊಟ್ಟಿ ದ್ರಾಕ್ಷಾರಸಗಳ ಕರ್ತನ ಭೋಜನವನ್ನು ನಡೆಸಿಕೊಡುವ ಅಧಿಕಾರವುಳ್ಳ ವ್ಯಕ್ತಿ. ಬೋಧಿಸುವುದು, ರೋಗಿಗಳನ್ನು ಕಾಣುವುದು, ಮಕ್ಕಳಿಗೆ ಕಲಿಸುವುದು, ಮನೆಮನೆಯಲ್ಲಿ ಪ್ರಾರ್ಥಿಸುವುದು ಮುಂತಾದ ಕೆಲಸಗಳನ್ನು ಸ್ತ್ರೀಯರು ಮಾಡಬಾರದೆಂದು ಹೇಳಿದ ಸಭೆಗಳು ಕಡಿಮೆ. ವಿವಾದವೆಲ್ಲ ಈ ದೀಕ್ಷೆಯ ಸುತ್ತ, ಅದರಲ್ಲೂ ಕರ್ತನ ಭೋಜನದ ಮೇಜಿನ ಹಿಂದೆ ಯಾರು ನಿಲ್ಲಬೇಕೆಂಬುದರ ಸುತ್ತ ನಡೆದಿದೆ. ಅರಬ್ಬೀ ಕಡಲಿನ ಎರಡೂ ದಡಗಳಲ್ಲಿ, ಮಸ್ಕತ್ತಿನಲ್ಲಿಯೂ ಮಂಗಳೂರಿನಲ್ಲಿಯೂ, ಸ್ತ್ರೀಯರ ಸೇವೆಯು ಸಿದ್ಧಾಂತದಿಂದ ಹುಟ್ಟಿದ್ದಲ್ಲ. ಗಂಡಸು ಪ್ರವೇಶಿಸಲಾಗದ ಮನೆಯೊಳಗೆ ಯಾರಾದರೂ ಹೋಗಲೇಬೇಕಾದ ಅನಿವಾರ್ಯತೆಯಿಂದ ಅದು ಹುಟ್ಟಿತು, ಮತ್ತು ಆ ಕೆಲಸಕ್ಕೆ ದೀಕ್ಷೆಯ ಮನ್ನಣೆ ದೊರೆಯಲು ಹತ್ತಿರ ಹತ್ತಿರ ನೂರು ವರ್ಷ ಹಿಡಿಯಿತು.

ಮಸ್ಕತ್ತಿನ ಪ್ರೊಟೆಸ್ಟೆಂಟ್ ಇತಿಹಾಸ ಆರಂಭವಾಗುವುದು ಒಂದು ಸಮಾಧಿಯಿಂದ: ಲಾಹೋರಿನ ಬಿಷಪರಾಗಿದ್ದು ನಿವೃತ್ತರಾದ ಮೇಲೆ ಅರಬ್ಬರ ನಡುವೆ ಬೋಧಿಸಲು ಬಂದ ಥಾಮಸ್ ವಾಲ್ಪಿ ಫ್ರೆಂಚ್ 1891ರಲ್ಲಿ ಇಲ್ಲಿಯೇ ತೀರಿಕೊಂಡರು. ಎರಡು ವರ್ಷಗಳ ನಂತರ ಪೀಟರ್ ಜ್ವೆಮರ್, 1889ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದ ಅರೇಬಿಯನ್ ಮಿಷನ್ನಿನ ಪರವಾಗಿ ಬಂದು ನೆಲೆಯೂರಿದರು; 1894ರಲ್ಲಿ ಈ ಮಿಷನ್ ಅಮೆರಿಕದ ರಿಫಾರ್ಮ್ಡ್ ಚರ್ಚಿನ ಆಡಳಿತಕ್ಕೆ ಸೇರಿತು. ಬೋಧನೆಗೆ ಕಿವಿಗೊಡುವವರು ವಿರಳರಾಗಿದ್ದ ಈ ನೆಲದಲ್ಲಿ ಜನರ ವಿಶ್ವಾಸ ಗಳಿಸಿಕೊಟ್ಟದ್ದು ವೈದ್ಯಸೇವೆ. ಆದರೆ ಪರದೆಯ ಹಿಂದಿನ ಹೆಂಗಸರು ಗಂಡುವೈದ್ಯರ ಮುಂದೆ ಬರಲು ಒಪ್ಪದಿದ್ದುದರಿಂದ 1913ರಲ್ಲಿ ಡಾಕ್ಟರ್ ಸಾರಾ ಹಾಸ್ಮನ್ ಹೆಂಗಸರಿಗಾಗಿಯೇ ಮಸ್ಕತ್ತಿನಲ್ಲಿ ದವಾಖಾನೆ ತೆರೆದರು. ಮರದ ಕೃತಕ ಕಾಲಿನಲ್ಲಿ ನಡೆಯುತ್ತಿದ್ದ ಈಕೆ ದಶಕಗಳ ಕಾಲ ಒಮಾನಿನಲ್ಲಿ ದುಡಿದು, ಮುಂದೆ 1950ರ ದಶಕದ ಆರಂಭದಲ್ಲಿ ಶಾರ್ಜಾದಲ್ಲಿ ಆಸ್ಪತ್ರೆ ಕಟ್ಟಿದರು. ಹೆರಿಗೆ ಮಾಡಿಸುವುದರ ಜೊತೆಗೆ ರೋಗಿಗಳಿಗೆ ಬೈಬಲನ್ನು ಓದಿ ವಿವರಿಸುವುದೂ ಅವರ ದಿನಚರಿಯಾಗಿತ್ತು. ಗಂಡಸೊಬ್ಬ ಮಾಡಿದ್ದರೆ ನಿಸ್ಸಂಶಯವಾಗಿ ಸಭಾಪಾಲನೆ ಎನಿಸಿಕೊಳ್ಳುತ್ತಿದ್ದ ಇಷ್ಟೆಲ್ಲ ಕೆಲಸದ ನಡುವೆಯೂ, ಅವರನ್ನು ಕಳುಹಿಸಿದ ಸಭೆಯ ನಿಯಮದಂತೆ ಆ ಕಾಲದಲ್ಲಿ ಸ್ತ್ರೀಯೊಬ್ಬಳು ಸಭಾಹಿರಿಯಳೂ ಆಗುವಂತಿರಲಿಲ್ಲ. ರಿಫಾರ್ಮ್ಡ್ ಚರ್ಚು ಹಿರಿಯರ ಮತ್ತು ಡೀಕನರ ಹುದ್ದೆಗಳನ್ನು ಸ್ತ್ರೀಯರಿಗೆ ತೆರೆದದ್ದು 1972ರಲ್ಲಿ, ಸಭಾಪಾಲಕ ದೀಕ್ಷೆಯನ್ನು ಅಧಿಕೃತವಾಗಿ ಮಾನ್ಯ ಮಾಡಿದ್ದು 1979ರಲ್ಲಿ.

ಮಂಗಳೂರಿನ ಕಥೆ ಇನ್ನೂ ಹಳೆಯದು ಮತ್ತು ಕನ್ನಡ ಓದುಗರಿಗೆ ಅದರ ಗಂಡು ಮುಖ ಚೆನ್ನಾಗಿ ಪರಿಚಿತ. 1834ರ ಅಕ್ಟೋಬರಿನಲ್ಲಿ ಸಾಮ್ಯುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ನಿನವರು ಬಂದಿಳಿದದ್ದು, 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದದ್ದು, 1847ರಲ್ಲಿ ಬಲ್ಮಠದಲ್ಲಿ ದೈವಜ್ಞಾನದ ಶಾಲೆ ಆರಂಭವಾದದ್ದು ಪಠ್ಯಪುಸ್ತಕಗಳಲ್ಲಿಯೂ ಸಿಗುತ್ತದೆ. ಆ ಶಾಲೆಯಿಂದ ಹೊರಬಂದ ಗಂಡಸರು ‘ಉಪದೇಶಿ’ಗಳಾಗಿ, ಅಂದರೆ ಹಳ್ಳಿಯ ಸಭೆಗಳಿಗೆ ಬೋಧಿಸುವ ಸಂಬಳದ ಸೇವಕರಾಗಿ ನೇಮಕಗೊಂಡರು, ಅವರಲ್ಲಿ ಕೆಲವರು ಮುಂದೆ ದೀಕ್ಷೆಯನ್ನೂ ಪಡೆದರು. ಹೆಂಗಸರಿಗೆ ಅಂಥ ಮೆಟ್ಟಿಲು ಇರಲಿಲ್ಲ. ಯುರೋಪಿನಿಂದ ಬಂದ ಮಿಷನರಿ ಪತ್ನಿಯರು ಹೆಣ್ಣುಮಕ್ಕಳ ಶಾಲೆ, ಹೊಲಿಗೆ ತರಗತಿ, ಅನಾಥಾಲಯಗಳನ್ನು ನಡೆಸುತ್ತಿದ್ದರೂ ಬಾಸೆಲಿನ ಸಮಿತಿಯ ಕಣ್ಣಿಗೆ ಅವರು ಮೊದಲು ಮಿಷನರಿಯ ಮನೆಯಾಕೆಯರು. ಮಿಷನರಿ ಯಾರನ್ನು ಮದುವೆಯಾಗಬೇಕೆಂಬುದಕ್ಕೂ ಆ ಸಮಿತಿಯ ಒಪ್ಪಿಗೆ ಬೇಕಾಗಿತ್ತೆಂಬುದನ್ನು ನೆನೆದರೆ ಇದು ಆಶ್ಚರ್ಯವೇನಲ್ಲ. ಇಂದಿಗೂ ಹಲವು ಕನ್ನಡ ಸಭೆಗಳಲ್ಲಿ ಸಭಾಪಾಲಕರ ಹೆಂಡತಿಯನ್ನು ‘ಪಾಸ್ಟರಮ್ಮ’ನೆಂದು ಕರೆದು, ಸ್ತ್ರೀಯರ ಕೂಟದಿಂದ ಸಾವಿನ ಮನೆಯ ಸಾಂತ್ವನದವರೆಗೆ ಸಂಬಳವಿಲ್ಲದ ಅರ್ಧ ಸಭಾಪಾಲನೆಯನ್ನು ಆಕೆಯಿಂದ ನಿರೀಕ್ಷಿಸುವ ವಾಡಿಕೆಗೆ ಬೇರು ಈ ವ್ಯವಸ್ಥೆಯಲ್ಲಿಯೇ ಇದೆ.

ಈ ವ್ಯವಸ್ಥೆಯಲ್ಲಿ ಸ್ಥಳೀಯ ಹೆಂಗಸಿಗೆ ದೊರೆತ ಮೊದಲ ಸಂಬಳದ ಹುದ್ದೆಗಳಲ್ಲಿ ಒಂದು ‘ಬೈಬಲ್ ವುಮನ್’ ಎಂಬುದು. 1857ರಲ್ಲಿ ಲಂಡನ್ನಿನ ಬಡಕೇರಿಗಳಲ್ಲಿ ಎಲೆನ್ ರಾನ್ಯಾರ್ಡ್ ಆರಂಭಿಸಿದ ಈ ಪದ್ಧತಿಯು ಬೇಗನೆ ಭಾರತದ ಮಿಷನ್‌ಗಳಿಗೆ ಬಂದು, ಜನಾನಾ, ಅಂದರೆ ಮನೆಯ ಒಳಾಂಗಣದ ಹೆಂಗಸರನ್ನು ತಲುಪುವ ಮುಖ್ಯ ದಾರಿಯಾಯಿತು. ಹೆಚ್ಚಾಗಿ ವಿಧವೆಯರೇ ಆಗಿರುತ್ತಿದ್ದ ಇವರು ಓದು ಕಲಿತು, ಬೀದಿ ಬೀದಿ ನಡೆದು, ಗಂಡಸರಿಗೆ ನಿಷಿದ್ಧವಾದ ಅಡುಗೆಮನೆ ಜಗಲಿಗಳಲ್ಲಿ ಕುಳಿತು ಅಕ್ಷರವನ್ನೂ ವಾಕ್ಯವನ್ನೂ ಒಟ್ಟಿಗೆ ಕಲಿಸಿದರು. ಕರ್ನಾಟಕದ ಪ್ರೊಟೆಸ್ಟೆಂಟ್ ಸಭೆಗಳ ಇತಿಹಾಸವನ್ನು ಬರೆದವರು ಇವರಿಗೆ ಕೊಟ್ಟ ಜಾಗ ಬಹಳ ಕಿರಿದು. ಹಲವರ ಹೆಸರುಗಳು ವರದಿಗಳಲ್ಲಿ ಉಳಿಯದೆ, ಸಂಬಳದ ಲೆಕ್ಕದಲ್ಲಿ ಬರಿಯ ಸಂಖ್ಯೆಯಾಗಿ ಕರಗಿಹೋಗಿವೆ.

ವಾದವು ಬೈಬಲಿನ ವಚನಗಳ ಮೇಲೆ ನಡೆದದ್ದು ನಿಜ. ವಿರೋಧಿಗಳು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 14ನೆಯ ಅಧ್ಯಾಯವನ್ನೂ ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ 2ನೆಯ ಅಧ್ಯಾಯವನ್ನೂ ಮುಂದಿಟ್ಟು, ಸಭೆಯಲ್ಲಿ ಸ್ತ್ರೀ ಮೌನವಾಗಿರಬೇಕೆಂಬ ಮಾತನ್ನು ಸರ್ವಕಾಲದ ಆಜ್ಞೆಯೆಂದು ಓದಿದರು. ಯೇಸು ಆರಿಸಿಕೊಂಡ ಹನ್ನೆರಡು ಮಂದಿಯೂ ಗಂಡಸರೆಂಬುದನ್ನು ಸೇರಿಸಿದರು. ಸಮರ್ಥಕರು ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ ಬರುವ ಕೆಂಕ್ರೆಯ ಸಭೆಯ ಸೇವಕಿ ಫೊಯಿಬೆಯನ್ನೂ, ತನ್ನ ಮನೆಯಲ್ಲಿಯೇ ಸಭೆ ಕೂಡಿಸುತ್ತಿದ್ದ ಪ್ರಿಸ್ಕಿಲ್ಲಳನ್ನೂ, ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಿದ ಮಗ್ದಲದ ಮರಿಯಳನ್ನೂ ತೋರಿಸಿದರು. ಆದರೆ ವಚನಗಳು ಎರಡು ಸಾವಿರ ವರ್ಷಗಳಿಂದ ಬದಲಾಗದೆ ಇದ್ದು, ತೀರ್ಮಾನಗಳು ಮಾತ್ರ ಕಾಲಕಾಲಕ್ಕೆ ಬದಲಾದದ್ದನ್ನು ಗಮನಿಸಿದರೆ, ತಕ್ಕಡಿಯನ್ನು ಬಾಗಿಸಿದ್ದು ಹೆಚ್ಚಾಗಿ ಪರಿಸ್ಥಿತಿಯೇ ಎನ್ನಬೇಕಾಗುತ್ತದೆ. ಆಂಗ್ಲಿಕನ್ ಪಂಗಡದಲ್ಲಿ ಮೊದಲ ಗುರುದೀಕ್ಷೆ ಪಡೆದ ಸ್ತ್ರೀ ಫ್ಲಾರೆನ್ಸ್ ಲೀ ಟಿಮ್-ಓಯ್. ಜಪಾನಿನ ಆಕ್ರಮಣದಿಂದಾಗಿ ಮಕಾವಿನ ಸಭೆಗೆ ಗುರುಗಳು ಹೋಗಲಾಗದಿದ್ದ 1944ರಲ್ಲಿ ಹಾಂಗ್‌ಕಾಂಗಿನ ಬಿಷಪ್ ಹಾಲ್ ಆಕೆಗೆ ದೀಕ್ಷೆ ಕೊಟ್ಟರು. ಯುದ್ಧ ಮುಗಿದು ಗಂಡುಗುರುಗಳು ಸಿಗತೊಡಗಿದೊಡನೆ ವಿವಾದವೆದ್ದು ಆಕೆ ಗುರುಸೇವೆಯನ್ನು ಬಿಟ್ಟುಕೊಡಬೇಕಾಯಿತು.

ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹುಟ್ಟಿದಾಗ ಅದರೊಳಗೆ ಈ ಪ್ರಶ್ನೆಯ ಹಲವು ಧೋರಣೆಗಳೂ ಒಟ್ಟಿಗೆ ಬಂದವು. ಅದರಲ್ಲಿ ಸೇರಿದ ಕಾಂಗ್ರಿಗೇಷನಲ್ ಪರಂಪರೆಯವರು ಅಮೆರಿಕದಲ್ಲಿ 1853ರಷ್ಟು ಹಿಂದೆಯೇ ಆಂಟೊನೆಟ್ ಬ್ರೌನ್ ಎಂಬ ಸ್ತ್ರೀಗೆ ದೀಕ್ಷೆ ಕೊಟ್ಟಿದ್ದರು. ಬಿಷಪರ ಅಖಂಡ ಪರಂಪರೆಯನ್ನು ಮುಖ್ಯವೆಂದು ಬಗೆದ ಆಂಗ್ಲಿಕನರು ಅದನ್ನು ಊಹಿಸಲೂ ಸಿದ್ಧರಿರಲಿಲ್ಲ. ಮೆಥೊಡಿಸ್ಟರು ನಡುವೆ ಇದ್ದರು. ಹೊಸ ಸಭೆ ಮೊದಲು ಹಿಡಿದದ್ದು ಮಧ್ಯದ ದಾರಿ: 1952ರಲ್ಲಿ ಡೀಕನೆಸ್ ಕ್ಯಾರಲ್ ಗ್ರಹಾಂ ಅವರ ನಾಯಕತ್ವದಲ್ಲಿ ಸೇವಾಸಹೋದರಿಯರ ಸಂಘವೊಂದು ರೂಪುಗೊಂಡು, ಬೆಂಗಳೂರಿನ ವಿಶ್ರಾಂತಿ ನಿಲಯ ಅದರ ಕೇಂದ್ರವಾಯಿತು. ವ್ರತವೂ ತರಬೇತಿಯೂ ಇದ್ದ, ಆದರೆ ಕರ್ತನ ಭೋಜನ ನಡೆಸುವ ಅಧಿಕಾರವಿಲ್ಲದ ಈ ಸ್ಥಾನವು ಬೈಬಲ್ ವುಮನ್‌ಗೂ ಸಭಾಪಾಲಕಿಗೂ ನಡುವಣ ಹಂತವಾಗಿತ್ತು. ಕರ್ನಾಟಕದಲ್ಲಿ ಇದರ ಜೊತೆಜೊತೆಗೆ ಸಂಸ್ಥೆಗಳ ಚೌಕಟ್ಟೂ ಬದಲಾಯಿತು: 1965ರಲ್ಲಿ ಬಲ್ಮಠದ ಹಳೆಯ ಶಾಲೆಯೂ ತುಮಕೂರಿನ ಯೂನಿಯನ್ ಕ್ಯಾನರೀಸ್ ಸೆಮಿನರಿಯೂ ಕೂಡಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು, 1970ರಲ್ಲಿ ಮೈಸೂರು ಧರ್ಮಪ್ರಾಂತ್ಯವು ಬೆಂಗಳೂರು, ಮಂಗಳೂರು ಮತ್ತು ಧಾರವಾಡ ಕೇಂದ್ರಗಳ ಮೂರು ಪ್ರಾಂತ್ಯಗಳಾಗಿ ಒಡೆಯಿತು. ಸಿ.ಎಸ್.ಐ. ಸ್ತ್ರೀಯರಿಗೆ ಸಭಾಪಾಲಕ ದೀಕ್ಷೆ ಕೊಡತೊಡಗಿದ್ದು 1976ರಲ್ಲಿ. ಇಂಗ್ಲೆಂಡಿನ ಮಾತೃಸಭೆ ಅದೇ ಹೆಜ್ಜೆಯನ್ನಿಡಲು 1994ರವರೆಗೆ ಕಾಯಬೇಕಾಯಿತೆಂಬುದು, ಸುಧಾರಣೆಯೆಲ್ಲ ಪಶ್ಚಿಮದಿಂದಲೇ ಬರುತ್ತದೆಂದು ನಂಬಿದವರು ಗಮನಿಸಬೇಕಾದ ಸಂಗತಿ.

ಸಿ.ಎಸ್.ಐ.ಯಲ್ಲಿ ಬಿಷಪರ ಹುದ್ದೆಗೆ ಸ್ತ್ರೀ ಬರಲು 1976ರ ನಂತರ ಇನ್ನೂ ಮೂವತ್ತೇಳು ವರ್ಷ ಬೇಕಾಯಿತು. 2013ರ ಸೆಪ್ಟೆಂಬರಿನಲ್ಲಿ ಎಗ್ಗೋಣಿ ಪುಷ್ಪಲಲಿತಾ ಆಂಧ್ರಪ್ರದೇಶದ ನಂದ್ಯಾಲದ ಬಿಷಪರಾಗಿ ಅಭಿಷಿಕ್ತರಾದರು. ವಿಚಿತ್ರವೆಂದರೆ, ಇತರ ಪಂಗಡಗಳೊಂದಿಗಿನ ಐಕ್ಯವನ್ನು ಒಪ್ಪದೆ 1947ರಲ್ಲಿ ಸಿ.ಎಸ್.ಐ.ಯ ಹೊರಗೆ ಉಳಿದು, 1975ರಲ್ಲಷ್ಟೇ ಒಳಬಂದ ಕಟ್ಟಾ ಆಂಗ್ಲಿಕನ್ ಪ್ರದೇಶವೇ ಈ ನಂದ್ಯಾಲ. ಕರ್ನಾಟಕದ ಮೂರು ಪ್ರಾಂತ್ಯಗಳಲ್ಲಿ ಸ್ತ್ರೀ ಸಭಾಪಾಲಕರು ಇದ್ದರೂ ಬಿಷಪರ ಆಸನಕ್ಕೆ ಸ್ತ್ರೀ ಏರಿಲ್ಲ.

ಮಂಗಳೂರು, ಉಡುಪಿಗಳಿಂದ ಒಮಾನಿಗೆ ಬಂದ ಕ್ರೈಸ್ತರಲ್ಲಿ ಬಹುಪಾಲು ಕೊಂಕಣಿ ಮಾತಾಡುವ ಕ್ಯಾಥೋಲಿಕರಾಗಿದ್ದು, ಅವರ ಮಟ್ಟಿಗೆ ಪ್ರಶ್ನೆ ಮುಚ್ಚಿದಂತಿದೆ. ಸ್ತ್ರೀಯರಿಗೆ ಗುರುದೀಕ್ಷೆ ಕೊಡುವ ಅಧಿಕಾರವೇ ಧರ್ಮಸಭೆಗಿಲ್ಲವೆಂದು ಪೋಪ್ ಎರಡನೆಯ ಜಾನ್ ಪಾಲರು 1994ರ ಮೇ ತಿಂಗಳಲ್ಲಿ ಘೋಷಿಸಿದರು. 2021ರಲ್ಲಿ ಪೋಪ್ ಫ್ರಾನ್ಸಿಸರು ವಾಚನ ಮತ್ತು ಬಲಿಪೀಠದ ಸಹಾಯಸೇವೆಗಳನ್ನು ಸ್ತ್ರೀಯರಿಗೂ ವಿಧಿವತ್ತಾಗಿ ತೆರೆದರೂ ಗುರುಸ್ಥಾನದ ಮಾತನ್ನು ಮುಟ್ಟಲಿಲ್ಲ. ಆರ್ಥೊಡಾಕ್ಸ್ ಮತ್ತು ಮಾರ್ ತೋಮಾ ಸಭೆಗಳಲ್ಲಿಯೂ ಸ್ತ್ರೀ ಗುರುಗಳಿಲ್ಲ.

ಒಮಾನಿನ ಪ್ರೊಟೆಸ್ಟೆಂಟ್ ಚರ್ಚಿನ ಸ್ಥಿತಿ ಬೇರೆ. ಹಳೆಯ ಅರೇಬಿಯನ್ ಮಿಷನ್ನನ್ನು ನಡೆಸಿದ ರಿಫಾರ್ಮ್ಡ್ ಚರ್ಚು ಮತ್ತು 1976ರಲ್ಲಿ ರೂಪುಗೊಂಡ ಸೈಪ್ರಸ್ ಮತ್ತು ಗಲ್ಫ್ ಆಂಗ್ಲಿಕನ್ ಧರ್ಮಪ್ರಾಂತ್ಯ ಎರಡೂ ಸೇರಿ ಇದಕ್ಕೆ ಸಭಾಪಾಲಕರನ್ನು ಒದಗಿಸುತ್ತವೆ. ಇವುಗಳಲ್ಲಿ ಎರಡನೆಯದು 2011ರ ಜೂನ್‌ನಲ್ಲಿ ಬಹರೇನಿನ ಸೇಂಟ್ ಕ್ರಿಸ್ಟೋಫರ್ ಕಥೀಡ್ರಲಿನಲ್ಲಿ ಕ್ಯಾಥರೀನ್ ಡಾಕಿನ್ಸ್ ಅವರಿಗೆ ಗುರುದೀಕ್ಷೆ ಕೊಟ್ಟಿತು. ಜೆರುಸಲೇಮ್ ಮತ್ತು ಮಧ್ಯಪ್ರಾಚ್ಯದ ಆಂಗ್ಲಿಕನ್ ಪ್ರಾಂತ್ಯದಲ್ಲಿ ಸ್ತ್ರೀಗೆ ದೊರೆತ ಗುರುದೀಕ್ಷೆಗಳಲ್ಲಿ ಅದು ಮೊದಲನೆಯದು. ಹೀಗೆ ಕಳುಹಿಸುವ ಎರಡೂ ಸಂಸ್ಥೆಗಳ ನಿಯಮದಲ್ಲಿ ಸ್ತ್ರೀಗೆ ಅಡ್ಡಿಯಿಲ್ಲ. ಆದರೆ ಸಭಾಂಗಣವನ್ನು ಹಂಚಿಕೊಳ್ಳುವ ಇತರ ಸಭೆಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ; ಪ್ರತಿಯೊಂದೂ ತನ್ನ ಊರಿನ ತೀರ್ಮಾನವನ್ನು ಹೊತ್ತು ಬಂದಿದೆ.

ಒಮಾನಿನ ಕಾನೂನಿಗೆ ಯಾರೂ ಉದ್ದೇಶಿಸದ ಇನ್ನೊಂದು ಪರಿಣಾಮವೂ ಇದೆ. ಪ್ರಿಸ್ಕಿಲ್ಲಳ ಕಾಲದಿಂದ ಜನಾನಾ ಮಿಷನ್ನಿನವರೆಗೆ ಸ್ತ್ರೀಯರ ಸೇವೆ ಬೆಳೆದದ್ದು ಮನೆಗಳೊಳಗೆ. ಆರಾಧನೆಯು ಒಪ್ಪಿತ ಆವರಣಕ್ಕೆ ಸೀಮಿತವಾದಾಗ, ನರ್ಸುಗಳೂ ಶಿಕ್ಷಕಿಯರೂ ಆಗಿ ಕುಟುಂಬದ ಆಧಾರವೇ ಆಗಿರುವ ಸ್ತ್ರೀಯರು ಗಾಯನ ತಂಡ, ಮಕ್ಕಳ ತರಗತಿಗಳಂಥ ಗೊತ್ತುಪಡಿಸಿದ ಪಾತ್ರಗಳಿಗೆ ಮರಳುವ ಸಂಭವವೇ ಹೆಚ್ಚು. ಕಡಲು ದಾಟಿದ ಸಮುದಾಯಗಳು ಊರಿಗಿಂತ ಮುಂದೆ ಹೋಗುತ್ತವೆಂಬ ಸಾಮಾನ್ಯ ನಂಬಿಕೆ ಈ ವಿಷಯದಲ್ಲಿ ನಿಲ್ಲುವುದಿಲ್ಲ. ಸೀಬಿನಲ್ಲಿ ವಾಸಿಸುವ ಸಿ.ಎಸ್.ಐ. ಕುಟುಂಬವೊಂದು ರಜೆಗೆ ಊರಿಗೆ ಬಂದಾಗ ಸಭಾಪಾಲಕಿಯ ಕೈಯಿಂದ ಕರ್ತನ ಭೋಜನವನ್ನು ಸ್ವೀಕರಿಸುವುದು ಸಾಧ್ಯ. ಘಾಲಾದಲ್ಲಿ ಅದು ಸಾಧ್ಯವಾಗಬೇಕಾದರೆ, ಗಲ್ಫಿನ ಸಿ.ಎಸ್.ಐ. ಸಭೆಗಳಿಗೆ ನಿಗದಿತ ಅವಧಿಗೆ ಸಭಾಪಾಲಕರನ್ನು ಕಳುಹಿಸುವ ಧರ್ಮಪ್ರಾಂತ್ಯದ ವರ್ಗಾವಣೆ ಪಟ್ಟಿಯಲ್ಲಿ ಮೊದಲು ಸ್ತ್ರೀಯೊಬ್ಬಳ ಹೆಸರು ಬರಬೇಕು, ನೋಂದಾಯಿತ ಚರ್ಚಿನ ಪ್ರಾಯೋಜಕತ್ವದಲ್ಲಿ ಆಕೆಗೆ ವೀಸಾ ದೊರೆಯಬೇಕು, ಮತ್ತು ಆ ಪಟ್ಟಿಗೆ ಸಹಿ ಹಾಕುವುದು ಊರಿನಲ್ಲಿರುವ ಬಿಷಪರು.