ಮುರಕಲ್ಲು ಭೂಮಿಯ ಸೇಂದ್ರಿಯ ಸಾರ

ಕಾರ್ಕಳದ ನೆರೆಯ ಕುಕ್ಕುಂದೂರು ಮುರಕಲ್ಲಿನ ಸೀಮೆಗೆ ಸೇರಿದುದು. ಇಂತಹ ನೆಲವನ್ನು ಮಲಬಾರಿನ ಅಂಗಾಡಿಪುರದಲ್ಲಿ ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ದೀರ್ಘಕಾಲದ ಮಳೆಯಿಂದ ಸುಣ್ಣ, ಪೊಟ್ಯಾಸಿಯಂ ಮೊದಲಾದುವು ಕರಗಿಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳು ಉಳಿದು ಈ ಮಣ್ಣು ಆಗಿದೆ. ಆದುದರಿಂದ ಇದು ಆಮ್ಲಗುಣವುಳ್ಳದ್ದು. ಇದರ ಜೇಡಿಗೆ ಪೋಷಕಾಂಶಗಳನ್ನು ಹಿಡಿದಿಡುವ ಶಕ್ತಿ ಅಲ್ಪ. ರಂಜಕವಾದರೋ ಕಬ್ಬಿಣದೊಡನೆ ಬೆಸೆದು ಬೇರಿಗೆ ದಕ್ಕದಂತಾಗುತ್ತದೆ. ಇಂತಹ ನೆಲದಲ್ಲಿ ಕೊಳೆತ ಸೊಪ್ಪುಸದೆಗಳಿಂದಾದ ಹ್ಯೂಮಸ್ ಬೆಳೆಯ ಆಹಾರ ಮಾತ್ರವಲ್ಲ, ಆಹಾರವನ್ನು ಕಾಯ್ದಿಡುವ ಕಣಜವೂ ಹೌದು.

ಬೆಟ್ಟು, ಮಜಲು, ಬೈಲು ಎಂದು ಗದ್ದೆಗಳನ್ನು ವಿಂಗಡಿಸಿದ ಇಲ್ಲಿನ ರೈತರು ಈ ಸಂಗತಿಯನ್ನು ಅನುಭವದಿಂದ ಅರಿತಿದ್ದರು. ಗುಡ್ಡದ ಸೊಪ್ಪನ್ನು ಹಟ್ಟಿಯಲ್ಲಿ ಹಾಸಿ, ಸೆಗಣಿ ಗಂಜಲಗಳೊಡನೆ ಕಳಿಯಿಸಿ ಗದ್ದೆಗೆ ಹಾಕುತ್ತಿದ್ದರು. ಕದೀಂ ವರ್ಗ ಭೂಮಿಯಿಂದ 100 ಗಜದೊಳಗಿನ ಸರಕಾರಿ ನೆಲದ ಸೊಪ್ಪು, ಹುಲ್ಲು, ಕಟ್ಟಿಗೆಗಳನ್ನು ಬಳಸಿಕೊಳ್ಳುವ ಕುಮ್ಕಿ ಸೌಲಭ್ಯವು ಈ ಪದ್ಧತಿಗೆ ಆಧಾರವಾಗಿತ್ತು. ತರಗೆಲೆಯೊಡನೆ ಮಣ್ಣನ್ನು ಸುಟ್ಟು ಸುಡುಮಣ್ಣು ಮಾಡುವ ಕ್ರಮವೂ ಉಂಟು. ಇದರಿಂದ ಬೂದಿಯ ಪೊಟ್ಯಾಸಿಯಂ ದೊರೆತು ಆಮ್ಲತೆ ತಗ್ಗುವುದಾದರೂ, ಸಾರಜನಕವೂ ಇಂಗಾಲವೂ ಗಾಳಿಯ ಪಾಲಾಗುತ್ತವೆ.

ಹವಾಮಾನದ ಬದಲಾವಣೆಯಿಂದ ಈ ವಿಚಾರಕ್ಕೆ ಹೊಸ ಮಹತ್ತ್ವ ಬಂದಿದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ವಾಯುವು ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ತಾಳಬಲ್ಲುದು. ಹೀಗಾಗಿ ಬಿರುಮಳೆಯ ರಭಸ ಹೆಚ್ಚಿ, ಬರಿದಾದ ಇಳಿಜಾರಿನ ಮೇಲ್ಮಣ್ಣು ಕೊಚ್ಚಿಹೋಗುವ ಭಯ ಅಧಿಕವಾಗುತ್ತದೆ. ಉಷ್ಣತೆ ಏರಿದಂತೆ ಹ್ಯೂಮಸ್ಸಿನ ಕ್ಷಯವೂ ತ್ವರಿತವಾಗುತ್ತದೆ. ಮೊದಲೇ ಬಡವಾದ ಮಣ್ಣಿಗೆ ಇದು ಇಮ್ಮಡಿ ನಷ್ಟ.

ಪರಿಹಾರವು ನೆಲಕ್ಕೆ ಹೊದಿಕೆ ಕೊಡುವುದರಿಂದ ಆರಂಭವಾಗಬೇಕು. ತೋಟದಲ್ಲಿ ಬಿದ್ದ ಸೋಗೆ ತರಗೆಲೆಗಳನ್ನು ಸುಡದೆ ಬುಡಕ್ಕೆ ಹಾಸುವುದು, ಇಳಿಜಾರಿಗೆ ಅಡ್ಡಲಾಗಿ ಇಂಗುಗುಂಡಿ ತೋಡುವುದು, ಬದುಗಳಲ್ಲಿ ಸಾರಜನಕವನ್ನು ಸ್ಥಿರೀಕರಿಸುವ ಗ್ಲಿರಿಸಿಡಿಯಾ ಬೆಳೆಸುವುದು ಸುಲಭಸಾಧ್ಯ. ನೀರು ನಿಂತ ಗದ್ದೆಗೆ ಹಸಿಸೊಪ್ಪನ್ನು ತುಂಬಿದರೆ ಮೀಥೇನ್ ಅನಿಲ ಹೆಚ್ಚಾಗಿ ಹೊರಡುವುದರಿಂದ, ಚೆನ್ನಾಗಿ ಕಳಿತ ಗೊಬ್ಬರವೇ ಮೇಲು.

ಆದರೆ ಸೊಪ್ಪಿನ ಮೂಲವೇ ಕ್ಷೀಣಿಸಿದರೆ ಈ ಉಪಾಯಗಳು ಎಷ್ಟುಕಾಲ ನಿಂತಾವು? ಅನೇಕ ಕಡೆ ಕುಮ್ಕಿ ನೆಲಗಳು ರಬ್ಬರು, ಗೇರು, ಅಡಕೆಯ ತೋಟಗಳಾಗಿವೆ, ಹಟ್ಟಿಗಳು ಬರಿದಾಗುತ್ತಿವೆ. ಗದ್ದೆಯ ಫಲವತ್ತತೆಯನ್ನು ಗದ್ದೆಯೊಳಗೆ ಮಾತ್ರ ಅರಸುವುದು ಸಾಲದು. ಗುಡ್ಡ, ಹಟ್ಟಿ, ಗದ್ದೆ ಈ ಮೂರನ್ನೂ ಒಂದೇ ವ್ಯವಸ್ಥೆಯೆಂದು ತಿಳಿದು ಅಭ್ಯಸಿಸುವುದು ಇಂದಿನ ಅಗತ್ಯವಾಗಿದೆ.