ಹೊಸಬನಿಗೂ ಓಟಗಾರನಿಗೂ ಒಂದೇ ಗೋಡೆ

1994ರಲ್ಲಿ ನಿಂಟೆಂಡೊ ಹೊರತಂದ ‘ಸೂಪರ್ ಮೆಟ್ರಾಯ್ಡ್’ ಆಟದ ಬ್ರಿನ್‌ಸ್ಟಾರ್ ಎಂಬ ಸುರಂಗಲೋಕದಲ್ಲಿ ಕಡಿದಾದ, ಬಾವಿಯಂಥ ಒಂದು ಜಾಗವಿದೆ. ತಳದಲ್ಲಿ ಮೂರು ಪುಟ್ಟ ಪ್ರಾಣಿಗಳು. ಈ ಗೋಡೆಯಿಂದ ಆ ಗೋಡೆಗೆ ಜಿಗಿಯುತ್ತ ಅವು ಸರಸರನೆ ಮೇಲೇರುತ್ತವೆ. ಹೀಗೆ ಮಾಡು ಎಂದು ಹೇಳುವ ಒಂದು ಅಕ್ಷರವೂ ಪರದೆಯ ಮೇಲಿಲ್ಲ. ನೋಡಿದ ಆಟಗಾರ ತಾನೂ ಜಿಗಿಯುತ್ತಾನೆ, ಜಾರುತ್ತಾನೆ, ಬಟನ್ ಒತ್ತುವ ಲಯ ಸಿಕ್ಕಿದ ಮೇಲೆ ಹತ್ತಿಯೇಬಿಡುತ್ತಾನೆ. ಅದಕ್ಕೆ ಯಾವ ಹೊಸ ಸಾಧನವೂ ಬೇಕಿರಲಿಲ್ಲ. ನಾಯಕಿ ಸೇಮಸ್‌ಗೆ ಆ ಜಿಗಿತ ಆಟ ಶುರುವಾದಾಗಿನಿಂದಲೇ ಗೊತ್ತಿತ್ತು. ಗೊತ್ತಿಲ್ಲದವನು ಆಟಗಾರ ಮಾತ್ರ.

ಮೊದಲ ಬಾರಿ ಆಡುವವರು ಈ ಆಟದಲ್ಲಿ ದಾರಿ ತಪ್ಪುತ್ತ, ಹುಡುಕುತ್ತ ಗಂಟೆಗಟ್ಟಲೆ ಕಳೆಯುತ್ತಾರೆ. ಆಟವನ್ನು ಎಷ್ಟು ಬೇಗ ಮುಗಿಸಬಹುದೆಂದು ಪಣ ತೊಟ್ಟ ಸ್ಪೀಡ್‌ರನ್ನರ್‌ಗಳು ಅದನ್ನೇ ಸುಮಾರು 40 ನಿಮಿಷಕ್ಕೆ ಇಳಿಸಿದ್ದಾರೆ. ಎತ್ತರಕ್ಕೆ ಹಾರಿಸುವ ಬೂಟು ಸಿಕ್ಕ ಮೇಲೆ ಹತ್ತಬೇಕಾದ ಗೋಡೆಯನ್ನು ಅವರು ಬರಿಗಾಲ ಜಿಗಿತದಲ್ಲೇ ಹತ್ತುತ್ತಾರೆ. ಅಲ್ಲಿಂದ ಆಟದ ಕ್ರಮವೇ ಬದಲಾಗುತ್ತದೆ. ಹೊಸಬನಿಗೆ ಪಾಠ ಹೇಳಿದ ಜಿಗಿತವೇ ಓಟಗಾರನಿಗೆ ಒಳದಾರಿ ತೆರೆಯಿತು. ಇಬ್ಬರಿಗೂ ಲೆವೆಲ್ ಕಟ್ಟುವುದೆಂದರೆ ಎರಡು ದಾರಿ ಹಾಕುವುದಲ್ಲ ಎಂದು ನಾನು ನಂಬಿರುವುದು ಇದಕ್ಕೇ. ಇವತ್ತಿನ ಓಟಗಾರ ನಿನ್ನೆಯ ಹೊಸಬ. ಅವನು ಮರಳಿ ಬಂದಾಗ ಅದೇ ನೆಲ ಇನ್ನೂ ಏನನ್ನಾದರೂ ಬಿಟ್ಟುಕೊಡಬೇಕು.

ಮರಳಿ ಬರಲು ಈ ಆಟ ಆಸೆಯನ್ನೂ ಹುಟ್ಟಿಸುತ್ತದೆ. 3 ಗಂಟೆಯೊಳಗೆ ಮುಗಿಸಿದರೆ ಕೊನೆಯ ದೃಶ್ಯ ಒಂದು ಬಗೆ, 10 ಗಂಟೆ ದಾಟಿದರೆ ಇನ್ನೊಂದು ಬಗೆ. ಗ್ರಹವೇ ಸಿಡಿಯಲಿರುವ ಅಂತಿಮ ಘಳಿಗೆಯಲ್ಲಿ, ಮನಸ್ಸಿದ್ದರೆ ಪಕ್ಕಕ್ಕೆ ತಿರುಗಿ ಆ ಪ್ರಾಣಿಗಳನ್ನು ಬಿಡಿಸಬಹುದು. ಅದಕ್ಕೆ ಕೆಲವು ಸೆಕೆಂಡು ತೆರಬೇಕು. 2010ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಗೇಮ್ಸ್ ಡನ್ ಕ್ವಿಕ್’ ದತ್ತಿ ಮ್ಯಾರಥಾನ್‌ಗಳಲ್ಲಿ ಪ್ರಾಣಿಗಳನ್ನು ಉಳಿಸಬೇಕೋ ಬಿಡಬೇಕೋ ಎಂಬುದರ ಮೇಲೆ ವೀಕ್ಷಕರು ಪೈಪೋಟಿಯಿಂದ ದೇಣಿಗೆ ಸುರಿಯುತ್ತಾರೆ.

2018ರ ‘ಸೆಲೆಸ್ಟ್’ ಇದೇ ವಿಚಾರವನ್ನು ಇನ್ನಷ್ಟು ಅಕ್ಕರೆಯಿಂದ ಬೆಳೆಸಿತು. ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ಅವರ ತಂಡ ಕಟ್ಟಿದ ಈ ಬೆಟ್ಟ ಹತ್ತುವ ಆಟ ಬಲು ಕಠಿಣ, ಆದರೆ ಕರುಣೆಯಿಲ್ಲದ್ದಲ್ಲ. ಅಂಚು ದಾಟಿದ ಮೇಲೂ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಜಿಗಿಯುವ ಅವಕಾಶ ಉಳಿದಿರುತ್ತದೆ. ಸ್ವಲ್ಪ ತಡವಾಗಿ ಬಟನ್ ಒತ್ತಿದ ಹೊಸಬನಿಗೆ ಅದು ಜೀವದಾನ. ಓಟಗಾರ ಮಾತ್ರ ಆ ತಡವನ್ನು ಬೇಕೆಂದೇ ಮಾಡುತ್ತಾನೆ: ನೆಲಕ್ಕೆ ತಾಗಿದಂತೆ ನುಗ್ಗಿ, ಅಂಚಿನಾಚೆ ಗಾಳಿಯಲ್ಲಿ ಜಿಗಿದು, ಇನ್ನಷ್ಟು ದೂರ ಚಿಮ್ಮುತ್ತಾನೆ. ‘ವೇವ್‌ಡ್ಯಾಶ್’ ಎಂಬ ಚಲನೆಯೂ ಮೊದಲ ಅಧ್ಯಾಯದಿಂದಲೇ ಸಾಧ್ಯ. ಆಟ ಅದನ್ನು ಬಾಯಿಬಿಟ್ಟು ಕಲಿಸುವುದು 2019ರಲ್ಲಿ ಸೇರಿದ ಕೊನೆಯ ಅಧ್ಯಾಯದಲ್ಲಿ. ಅಲ್ಲಿಯವರೆಗೆ ಅದಿಲ್ಲದೆಯೂ ಎಲ್ಲ ಕೋಣೆಗಳನ್ನು ದಾಟಬಹುದು. ಆಟದ ವೇಗ ತಗ್ಗಿಸಿ ಆಡಲು ನೆರವಿನ ಸೌಲಭ್ಯವಿದೆ, ಸೆಕೆಂಡು ಎಣಿಸುವವರಿಗೆ ಗಡಿಯಾರವೂ ಇದೆ. ಒಬ್ಬರಿಗಾಗಿ ಇನ್ನೊಬ್ಬರ ಸಂತೋಷ ಕಡಿಮೆಯಾಗಿಲ್ಲ.

ಹೊಸಬನ ಆಟಕ್ಕೆ ಅಡ್ಡಿಯಾಗದ ಒಳದಾರಿಯನ್ನು ಯಾರೋ ಕಂಡುಹಿಡಿದರೆಂಬ ಒಂದೇ ಕಾರಣಕ್ಕೆ ಮುಂದಿನ ಅಪ್‌ಡೇಟ್‌ನಲ್ಲಿ ಮುಚ್ಚಿಬಿಡುವ ಡಿಸೈನರ್‌ಗಳಿದ್ದಾರೆ. ತಮ್ಮ ಲೆವೆಲ್ಲನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವರಿಗೇ ಅವರು ಬಾಗಿಲು ಹಾಕುತ್ತಿದ್ದಾರೆ. ಬಿಟ್ಟು ಮುಂದೆ ಹೋಗಲಾಗದ ಉದ್ದುದ್ದ ಕಥಾದೃಶ್ಯಗಳು, ವೈರಿಗಳೆಲ್ಲ ಸಾಯುವವರೆಗೆ ತೆರೆಯದ ಬಾಗಿಲುಗಳು ಓಟಗಾರನನ್ನಷ್ಟೇ ಅಲ್ಲ, ಎರಡನೇ ಸಲ ಆಡಲು ಕುಳಿತ ಯಾರನ್ನಾದರೂ ದಣಿಸುತ್ತವೆ.

2021ರ ‘ಮೆಟ್ರಾಯ್ಡ್ ಡ್ರೆಡ್’ ಇದಕ್ಕೆ ತದ್ವಿರುದ್ಧ. ಅಲ್ಲಿನ ದೈತ್ಯ ಕ್ರೇಡ್‌ನನ್ನು ಎದುರಿಸುವ ಹೊತ್ತಿಗೆ ಸಾಮಾನ್ಯ ಆಟಗಾರನ ಬಳಿ ಬಾಂಬ್ ಇರುವುದಿಲ್ಲ. ದೀರ್ಘ ಕಾದಾಟವೇ ಗತಿ. ಕ್ರಮ ಮುರಿದು ಬಾಂಬನ್ನು ಮೊದಲೇ ಸಂಪಾದಿಸಿದವನಿಗೆ ಅದೇ ಕೋಣೆಯಲ್ಲಿ ಇನ್ನೊಂದು ಉಪಾಯ ಕಾದಿರುತ್ತದೆ. ಉಂಡೆಯಾಗಿ ಮುದುಡಿ ದೈತ್ಯನ ಹೊಟ್ಟೆಗೇ ಚಿಮ್ಮಿ ಬಾಂಬ್ ಇಟ್ಟರೆ ಕ್ಷಣದಲ್ಲಿ ಅವನ ಕಥೆ ಮುಗಿಯುತ್ತದೆ. ಹಾಗೆ ಸಾಯುವುದಕ್ಕೆಂದೇ ಒಂದು ಪ್ರತ್ಯೇಕ ದೃಶ್ಯವನ್ನೂ ಆಟ ಕಟ್ಟಿದವರು ಸಿದ್ಧಪಡಿಸಿಟ್ಟಿದ್ದಾರೆ.